ಪ್ರತಿ ಸಲ ಅದೇ ಪಾಪ: ಕೋಪ ಬಿಡುವುದು ಹೇಗೆ?

ಪ್ರಶ್ನೆ: ಫಾದರ್, ನನಗೆ 43 ವರ್ಷ. ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ. ಭಾನುವಾರದ ಪೂಜೆ ತಪ್ಪಿಸುವುದಿಲ್ಲ. ಮನೆಯಲ್ಲಿ ರಾತ್ರಿ ಜಪಸರವೂ ನಡೆಯುತ್ತದೆ. ಆದರೆ ನನ್ನ ಕೋಪ ಮಾತ್ರ ಹೋಗುತ್ತಿಲ್ಲ. ಏಳನೇ ಕ್ಲಾಸಿನ ಮಗನಿಗೆ ಲೆಕ್ಕ ಹೇಳಿಕೊಡಲು ಕೂತರೆ ಹತ್ತು ನಿಮಿಷಕ್ಕೆ ಕಿರುಚಾಟ ಶುರು. ಅಣ್ಣನ ಮಗನೂ ಅದೇ ಕ್ಲಾಸು, ಅವನಿಗೆ ಯಾವಾಗಲೂ ತೊಂಬತ್ತರ ಮೇಲೆ. ‘ನಿನ್ನಿಂದ ಏನೂ ಆಗಲ್ಲ’ ಅಂದುಬಿಡುತ್ತೇನೆ. ಆಮೇಲೆ ಎರಡು ದಿನ ಅವನ ಜೊತೆ ಮಾತೇ ಆಡುವುದಿಲ್ಲ. ಹೋದ ತಿಂಗಳು ಸ್ಕೇಲಿನಿಂದ ಹೊಡೆದೂಬಿಟ್ಟೆ. ವರ್ಷಗಳಿಂದ ಪಾಪನಿವೇದನೆಯಲ್ಲಿ ಗುರುಗಳ ಮುಂದೆ ‘ಕೋಪ ಮಾಡಿಕೊಂಡೆ’ ಅಂತ ಹೇಳುತ್ತಲೇ ಇದ್ದೇನೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ. ಹೀಗೆ ಹೋಗಿ ಹೋಗಿ ಅದನ್ನೇ ಹೇಳುವುದು ದೇವರ ಮುಂದೆ ನಾಟಕ ಆಡಿದ ಹಾಗಲ್ಲವೇ? ನಿಜವಾಗಿ ಬದಲಾಗಲು ಏನು ಮಾಡಬೇಕು? ಕೌನ್ಸೆಲಿಂಗ್‌ಗೆ ಹೋದರೆ ವಿಶ್ವಾಸ ಕಡಿಮೆ ಅಂತ ಅರ್ಥವಾ?

ಉತ್ತರ: ನಾಟಕ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಯೋಚನೆಯಿಂದಲೇ ತುಂಬಾ ಜನ ಪಾಪನಿವೇದನೆಗೆ ಹೋಗುವುದನ್ನು ಬಿಟ್ಟಿದ್ದಾರೆ.

ಪಾಪನಿವೇದನೆಗೆ ಬೇಕಾದದ್ದು ಮಾಡಿದ್ದಕ್ಕೆ ನಿಜವಾದ ದುಃಖ, ಅದನ್ನು ಬಾಯಿಬಿಟ್ಟು ಹೇಳುವುದು, ತಿದ್ದಿಕೊಳ್ಳುವ ಮನಸ್ಸು. ‘ನಾನು ಮತ್ತೆ ಬೀಳಬಹುದು’ ಎಂಬ ಭಯ ಈ ಮೂರಕ್ಕೂ ಅಡ್ಡ ಬರುವುದಿಲ್ಲ. ತನ್ನ ಸ್ವಭಾವ ಗೊತ್ತಿರುವ ಯಾರಿಗಾದರೂ ಆ ಭಯ ಇದ್ದೇ ಇರುತ್ತದೆ. ‘ಹೇಗಿದ್ದರೂ ಮಾಡುತ್ತೇನೆ, ಸುಮ್ನೆ ಹೇಳಿ ಬರೋಣ’ ಅಂತ ತೀರ್ಮಾನ ಮಾಡಿಕೊಂಡು ಹೋದರೆ ಅದು ನಾಟಕ. ನಿಮ್ಮ ಪತ್ರದಲ್ಲಿ ಆ ದನಿ ಇಲ್ಲ. ಶಿಷ್ಯ ಪೇತ್ರ ಬಂದು ಎಷ್ಟು ಸಲ ಕ್ಷಮಿಸಬೇಕು ಅಂತ ಕೇಳಿದಾಗ ಯೇಸುಸ್ವಾಮಿ ಲೆಕ್ಕಕ್ಕೆ ಸಿಗದಷ್ಟು ದೊಡ್ಡ ಸಂಖ್ಯೆಯನ್ನೇ ಹೇಳಿದರು. ಮನುಷ್ಯರಿಗೆ ಅಷ್ಟು ಕ್ಷಮಿಸಿ ಎಂದವರು ತಾವು ಅದಕ್ಕಿಂತ ಕಡಿಮೆ ಕ್ಷಮಿಸುತ್ತಾರಾ?

ಆದರೆ ನಿಮ್ಮ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇದೆ. ದೇವರು ಕ್ಷಮಿಸಿದ ಮೇಲೂ ನಾನು ಯಾಕೆ ಹಾಗೇ ಇದ್ದೇನೆ ಅನ್ನುವುದು. ಇದಕ್ಕೆ ಧರ್ಮಸಭೆಯ (ಚರ್ಚಿನ) ಉತ್ತರ ತುಂಬಾ ಸ್ಪಷ್ಟವಾಗಿದೆ. ಪ್ರವಚನಗಳಲ್ಲಿ ಅದು ಅಷ್ಟಾಗಿ ಕೇಳಿಬರುವುದಿಲ್ಲ, ಅಷ್ಟೇ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥ 1459ನೇ ಸಂಖ್ಯೆಯಲ್ಲಿ ನೇರವಾಗಿ ಹೇಳುತ್ತದೆ: ಪಾಪಕ್ಷಮೆ ಪಾಪವನ್ನು ತೆಗೆಯುತ್ತದೆ, ಆದರೆ ಪಾಪದಿಂದಾದ ಎಲ್ಲ ಅಸ್ತವ್ಯಸ್ತವನ್ನೂ ಸರಿಮಾಡುವುದಿಲ್ಲ. ಅದಕ್ಕೂ ಬಹಳ ಹಿಂದೆ, 1551ರಲ್ಲಿ, ಬಿಷಪರ ಟ್ರೆಂಟ್ ಮಹಾಸಭೆ, ಪಾಪನಿವೇದನೆ ಮಾಡಿದವರಿಗೆ ಗುರುಗಳು ಪ್ರಾಯಶ್ಚಿತ್ತ ಯಾಕೆ ಕೊಡುತ್ತಾರೆ ಅಂತ ವಿವರಿಸುವಾಗ ಇದನ್ನೇ ಹೇಳಿತ್ತು. ಕೆಟ್ಟ ಬದುಕಿನಿಂದ ಬೆಳೆಸಿಕೊಂಡ ಕೆಟ್ಟ ಅಭ್ಯಾಸಗಳನ್ನು ಅವುಗಳಿಗೆ ವಿರುದ್ಧವಾದ ಒಳ್ಳೆಯ ಕೆಲಸಗಳಿಂದ ಕೀಳುವುದು ಪ್ರಾಯಶ್ಚಿತ್ತದ ಒಂದು ಉದ್ದೇಶ. 13ನೇ ಶತಮಾನದ ದೈವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸ್ ಕೂಡ ಇದನ್ನು ಗಮನಿಸಿದ್ದರು. ದೇವರ ಕೃಪೆಯಲ್ಲಿರುವವರಿಗೂ ಒಳ್ಳೆಯದನ್ನು ಮಾಡಲು ಕಷ್ಟ ಆಗಬಹುದು, ಹಳೆಯ ಕೆಲಸಗಳಿಂದ ಅಂಟಿಕೊಂಡ ಒಲವುಗಳು ಒಳಗೆ ಉಳಿದಿರುತ್ತವೆ ಅನ್ನುತ್ತಾರೆ.

ಮುರಿದ ಕೈಯನ್ನು ಡಾಕ್ಟರು ಕೂಡಿಸುತ್ತಾರೆ. ಪ್ಲಾಸ್ಟರ್ ಬಿಚ್ಚಿದ ದಿನ ಮೂಳೆ ಕೂಡಿರುತ್ತದೆ, ಆದರೂ ಒಂದು ಚೊಂಬು ನೀರು ಎತ್ತಲು ಆಗುವುದಿಲ್ಲ. ಮೂಳೆ ಕೂಡಿಲ್ಲ ಅಂತ ಯಾರೂ ಅನುಮಾನಪಡುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಕೈ ಆಡಿಸಿ ಅಂತ ಹೇಳುತ್ತಾರೆ. ನಿಮ್ಮ ಸ್ಥಿತಿಯೂ ಇದೇ. ಕ್ಷಮೆ ಸಿಕ್ಕಿದೆ, ಅದು ಪೂರ್ತಿ ಸಿಕ್ಕಿದೆ. ಕೈ ಆಡಿಸುವ ಕೆಲಸ ಮಾತ್ರ ಶುರುವೇ ಆಗಿಲ್ಲ. ಒಂದು ಪಾಪನಿವೇದನೆಯಿಂದ ಇನ್ನೊಂದರವರೆಗೆ ನೀವು ‘ಇನ್ನು ಮೇಲೆ ಕೋಪ ಮಾಡಿಕೊಳ್ಳಲ್ಲ’ ಎಂಬ ಸಂಕಲ್ಪದ ಮೇಲೆ ಬದುಕುತ್ತಿದ್ದೀರಿ. ಅಷ್ಟು ದೊಡ್ಡ ಸಂಕಲ್ಪ ಯಾರ ಕೈಯಲ್ಲೂ ನಿಲ್ಲುವುದಿಲ್ಲ.

ಈಗ ನಿಮ್ಮ ಕೋಪವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೋಪ ಬಂದಿದ್ದೇ ಪಾಪ ಅಂತ ನಮ್ಮವರಲ್ಲಿ ಒಂದು ತಪ್ಪು ಎಣಿಕೆ ಇದೆ. ಯೇಸುಸ್ವಾಮಿಗೆ ಕೋಪ ಬಂದಿತ್ತು. ಸಬ್ಬತ್ ದಿನ ಕೈಬತ್ತಿದವನನ್ನು ಗುಣಪಡಿಸುವಾಗ ಸುತ್ತಲಿದ್ದವರ ಕಲ್ಲು ಮನಸ್ಸನ್ನು ಕಂಡು ಅವರು ಕೋಪದಿಂದ ನೋಡಿದರು ಅಂತ ಸಂತ ಮಾರ್ಕ ಬರೆಯುತ್ತಾರೆ. ಮಕ್ಕಳನ್ನು ತಡೆದ ಶಿಷ್ಯರ ಮೇಲೂ ಸಿಟ್ಟಾದರು. ಅಕ್ವಿನಾಸರ ಪ್ರಕಾರ ಕೋಪ ಒಂದು ಭಾವನೆ. ಅದು ತಪ್ಪಾಗುವುದು ಅದರ ಗುರಿ ಅಥವಾ ಅಳತೆ ತಪ್ಪಿದಾಗ. ಮಗ ಪುಸ್ತಕ ಬಿಟ್ಟು ಮೊಬೈಲ್ ಹಿಡಿದು ಕೂತಿದ್ದಾನೆ, ನಿಮಗೆ ಸಿಟ್ಟು ಬಂತು. ಇದರಲ್ಲಿ ಪಾಪ ಹುಡುಕಬೇಡಿ. ಅಪ್ಪನಿಗೆ ಬರಬೇಕಾದ ಸಿಟ್ಟೇ ಅದು. ಭಿನ್ನರಾಶಿ ಅರ್ಥವಾಗದ ಹುಡುಗನ ಮೇಲೆ ಕಿರುಚಿದಿರಿ. ಅರ್ಥವಾಗದೇ ಇರುವುದು ಅವನ ತಪ್ಪೇ ಅಲ್ಲ. ಅಲ್ಲಿ ಗುರಿಯೂ ತಪ್ಪಿತು, ಅಳತೆಯೂ ತಪ್ಪಿತು.

ಅರಿಸ್ಟಾಟಲ್ ಹೇಳಿದ್ದನ್ನು ಇಟ್ಟುಕೊಂಡು ಅಕ್ವಿನಾಸ್ ಕೋಪಿಷ್ಠರಲ್ಲಿ ಮೂರು ಬಗೆ ಮಾಡುತ್ತಾರೆ. ಸಣ್ಣದಕ್ಕೂ ತಟ್ಟನೆ ಸಿಡಿಯುವವರು ಒಂದು. ಕೋಪವನ್ನು ಒಳಗೇ ಇಟ್ಟುಕೊಂಡು ದಿನಗಟ್ಟಲೆ ಕೊರಗುವವರು, ಮುಖ ಬಿಗಿದುಕೊಂಡಿರುವವರು ಇನ್ನೊಂದು. ಸೇಡು ತೀರುವ ತನಕ ಬಿಡದವರು ಮೂರನೆಯದು. ನೀವು ನಿಮ್ಮನ್ನು ಮೊದಲನೇ ಗುಂಪಿಗೆ ಸೇರಿಸಿಕೊಂಡಿದ್ದೀರಿ. ನನಗೆ ನಿಮ್ಮ ಪತ್ರದಲ್ಲಿ ಹೆಚ್ಚು ಚುಚ್ಚಿದ್ದು ಆ ಎರಡು ದಿನದ ಮಾತುಬಿಡುವಿಕೆ. ಕಿರುಚಾಟ ಐದು ನಿಮಿಷದ್ದು, ಅಲ್ವಾ? ಅದು ಮೈಮೀರಿ ಬರುತ್ತದೆ. ಮಾತು ಬಿಡುವುದು ಹಾಗಲ್ಲ. ಬೆಳಿಗ್ಗೆ ಎದ್ದು, ಕಾಫಿ ಕುಡಿದು, ಎದುರಿಗೆ ಯೂನಿಫಾರ್ಮ್ ಹಾಕಿಕೊಂಡು ನಿಂತ ಮಗನನ್ನು ನೋಡಿ, ಮತ್ತೆ ‘ಮಾತಾಡಲ್ಲ’ ಅಂತ ನಿರ್ಧಾರ ಮಾಡಬೇಕು. ಅದರಲ್ಲಿ ನಿಮ್ಮ ಮನಸ್ಸಿನ ಒಪ್ಪಿಗೆ ಜಾಸ್ತಿ ಇದೆ. ಪಾಪದ ಭಾರ ಅಳೆಯುವಾಗ ಧರ್ಮಸಭೆ ಈ ಒಪ್ಪಿಗೆಯನ್ನೂ ನೋಡುತ್ತದೆ. ಮಗನ ಕಡೆಯಿಂದ ನೋಡಿದರೂ ಅದೇ ಹೆಚ್ಚು ನೋವು ಕೊಡುವುದು. ‘ಕೋಪ ಮಾಡಿಕೊಂಡೆ’ ಎಂಬ ಎರಡು ಪದದಲ್ಲಿ ಈ ಮೌನ ಎಲ್ಲೂ ಕಾಣಿಸುವುದಿಲ್ಲ. ಅಂದರೆ ಇಷ್ಟು ವರ್ಷ ನೀವು ಹೇಳುತ್ತಾ ಬಂದಿರುವುದು ಚಿಕ್ಕ ಪಾಪ. ದೊಡ್ಡದು ಹಿಂದೆ ಉಳಿದಿದೆ.

‘ನಿನ್ನಿಂದ ಏನೂ ಆಗಲ್ಲ’ ಎಂಬ ಮಾತೂ ಹಾಗೇ. ಬೆಟ್ಟದ ಮೇಲಿನ ಬೋಧನೆಯಲ್ಲಿ ಯೇಸು ಕೋಪದ ಬಗ್ಗೆ ಹೇಳಿ ಅಲ್ಲಿಗೆ ನಿಲ್ಲಿಸುವುದಿಲ್ಲ, ಸಹೋದರನನ್ನು ಕೀಳಾಗಿ ಕರೆಯುವ ಮಾತಿಗೆ ಬರುತ್ತಾರೆ. ಸಂತ ಪೌಲರು ಕೊಲೊಸ್ಸೆಯವರಿಗೆ ಬರೆಯುವಾಗ ತಂದೆಗಳಿಗೆ ಅಂತಲೇ ಒಂದು ಸಾಲು ಇಟ್ಟಿದ್ದಾರೆ: ನಿಮ್ಮ ಮಕ್ಕಳನ್ನು ಕೆಣಕಬೇಡಿ, ಅವರು ಎದೆಗುಂದಿಯಾರು. ಹೆಂಡತಿ, ಗಂಡ, ಮಕ್ಕಳು ಎಲ್ಲರಿಗೂ ಒಂದೊಂದು ಮಾತು ಹೇಳುತ್ತಾ ಅಪ್ಪಂದಿರ ಸರದಿ ಬಂದಾಗ ಅವರಿಗೆ ನೆನಪಾಗಿದ್ದು ಇದು.

ಇನ್ನು ಸ್ಕೇಲಿನ ವಿಷಯ. ಇದನ್ನು ಮಿಕ್ಕವುಗಳ ಜೊತೆ ಸೇರಿಸಿ ಹೇಳಲಾರೆ. ಕೋಪದಲ್ಲಿ ಮಗುವಿನ ಮೇಲೆ ಕೈ ಮಾಡುವುದು ನಿಧಾನವಾಗಿ ಬಿಡುವಂಥ ಅಭ್ಯಾಸ ಅಲ್ಲ, ಇವತ್ತೇ ನಿಲ್ಲಬೇಕು. ‘ನಮ್ಮಪ್ಪ ನನಗೆ ಬೆಲ್ಟ್‌ನಲ್ಲಿ ಹೊಡೆದಿದ್ದರು, ನಾನು ಚೆನ್ನಾಗೇ ಇದ್ದೇನೆ’ ಅಂತ ಹೇಳುವವರು ನಮ್ಮ ಧರ್ಮಕೇಂದ್ರಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಚೆನ್ನಾಗಿದ್ದೀರಾ ಅಂತ ಅವರ ಹೆಂಡತಿ ಮಕ್ಕಳನ್ನು ಕೇಳಬೇಕು. ಶಾಲೆಯಲ್ಲಿ ಟೀಚರ್ ಮಗುವಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಟೀಚರ್ ಕೈಯಲ್ಲಿ ಇರಬಾರದ ಸ್ಕೇಲು ಅಪ್ಪನ ಕೈಯಲ್ಲಿ ಯಾಕೆ? ಕೋಪ ಕೈವರೆಗೆ ಬಂತು ಅಂತ ಅನ್ನಿಸಿದ ಕ್ಷಣ ಎದ್ದು ಹೊರಗೆ ಹೋಗಿ. ಲೆಕ್ಕ ಅರ್ಧಕ್ಕೆ ನಿಲ್ಲಲಿ.

ನಿಮ್ಮ ಪತ್ರದ ಇನ್ನೊಂದು ಸಾಲಿಗೆ ಬರುತ್ತೇನೆ. ಅಣ್ಣನ ಮಗನ ಮಾರ್ಕ್ಸು. ಕೋಪದ ಬಗ್ಗೆ ಬರೆಯುವಾಗ ಆ ಸಾಲು ಅಲ್ಲಿ ಯಾಕೆ ಬಂತು? 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಎವಾಗ್ರಿಯಸ್ ಮನುಷ್ಯನನ್ನು ಕಾಡುವ ಎಂಟು ಕೆಟ್ಟ ಯೋಚನೆಗಳನ್ನು ಪಟ್ಟಿ ಮಾಡಿದ್ದರು. ಸನ್ಯಾಸಿ ಜಾನ್ ಕ್ಯಾಸಿಯನ್ ಅದನ್ನು ಪಶ್ಚಿಮದ ಮಠಗಳಿಗೆ ತಂದರು. 590ರಿಂದ 604ರವರೆಗೆ ಪೋಪ್ ಆಗಿದ್ದ ಮಹಾ ಗ್ರೆಗೋರಿ ಅದನ್ನು ಏಳಕ್ಕೆ ಇಳಿಸಿದರು. ನಾವು ಜ್ಞಾನೋಪದೇಶದಲ್ಲಿ ಬಾಯಿಪಾಠ ಮಾಡಿದ ಏಳು ಮೂಲ ಪಾಪಗಳ ಪಟ್ಟಿ ಬಂದಿದ್ದು ಹೀಗೆ. ಗ್ರೆಗೋರಿಯವರು ಪಟ್ಟಿ ಕೊಟ್ಟು ಸುಮ್ಮನಾಗಲಿಲ್ಲ. ಒಂದರಿಂದ ಒಂದು ಹೇಗೆ ಹುಟ್ಟುತ್ತದೆ ಅಂತಲೂ ತೋರಿಸಿದರು. ಎಲ್ಲದಕ್ಕೂ ಬೇರು ಅಹಂಕಾರ. ಅದರಿಂದ ಒಣ ಹೆಮ್ಮೆ, ಹೆಮ್ಮೆಯಿಂದ ಹೊಟ್ಟೆಕಿಚ್ಚು, ಹೊಟ್ಟೆಕಿಚ್ಚಿನಿಂದ ಕೋಪ.

ಈ ಸಾಲನ್ನು ನಿಮ್ಮ ಊಟದ ಮೇಜಿನ ಮೇಲೆ ಇಟ್ಟು ನೋಡಿ. ಮಗನಿಗೆ ಲೆಕ್ಕ ಬರುವುದಿಲ್ಲ ಎಂಬ ಸಂಕಟ ಎಷ್ಟು, ಹಬ್ಬಕ್ಕೆ ಎಲ್ಲರೂ ಸೇರಿದಾಗ ಅಣ್ಣನ ಮುಂದೆ ತಲೆ ತಗ್ಗಿಸಬೇಕಲ್ಲ ಎಂಬ ಸಂಕಟ ಎಷ್ಟು? ಎರಡನೆಯದು ಅರ್ಧ ಪಾಲು ಇದ್ದರೂ ಸಾಕು, ನೀವು ಕೋಪದ ಜೊತೆ ಮಾತ್ರ ಗುದ್ದಾಡಿ ಪ್ರಯೋಜನವಿಲ್ಲ. ಒಣ ಹೆಮ್ಮೆಗೂ ಕೈ ಹಾಕಬೇಕು. ಇದಕ್ಕೆ ದೊಡ್ಡ ತಪಸ್ಸೇನೂ ಬೇಡ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಮಾರ್ಕ್ಸ್ ಕಾರ್ಡಿನ ಫೋಟೋ ಹಾಕುವುದನ್ನು ಬಿಡಿ. ಅಣ್ಣನ ಮಗನಿಗೆ ಎಷ್ಟು ಬಂತು ಅಂತ ವಿಚಾರಿಸಬೇಡಿ. ಅವರಾಗಿಯೇ ಹೇಳಿದರೆ ಆ ಹುಡುಗನಿಗೆ ಮನಸಾರೆ ‘ಭೇಷ್’ ಅನ್ನಿ. ರಾತ್ರಿ ಜಪಸರದಲ್ಲಿ ಒಂದು ದಶಕವನ್ನು, ಅಂದರೆ ಹತ್ತು ಮಣಿಗಳ ಪ್ರಾರ್ಥನೆಯನ್ನು, ಅವನ ಹೆಸರಿಗೇ ಒಪ್ಪಿಸಿ. ಮೊದಮೊದಲು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಸರಿಯಾದ ಜಾಗವನ್ನೇ ಮುಟ್ಟಿದ್ದೀರಿ ಅಂತ ತಿಳಿಯಿರಿ.

ಈಗ ದಿನದಿನದ ಅಭ್ಯಾಸ. ಇದಕ್ಕೆ ಸಂತ ಇಗ್ನೇಷಿಯಸ್ ಲೊಯೋಲಾ ಹೇಳಿಕೊಟ್ಟ ವಿಧಾನಕ್ಕಿಂತ ಸರಳವಾದದ್ದನ್ನು ನಾನು ಕಂಡಿಲ್ಲ. ಯುದ್ಧದಲ್ಲಿ ಕಾಲು ಮುರಿದುಕೊಂಡು ಮಲಗಿದ್ದಾಗ ಮನಸ್ಸು ಬದಲಾದ ಸೈನಿಕ ಅವರು. ಅವರ ಆಧ್ಯಾತ್ಮಿಕ ಸಾಧನೆಯ ಕೈಪಿಡಿಯನ್ನು 1548ರಲ್ಲಿ ಪೋಪ್ ಮೂರನೇ ಪೌಲರು ಒಪ್ಪಿದರು. ಅದರಲ್ಲಿ ಒಂದೇ ಒಂದು ದುರ್ಗುಣವನ್ನು ಹಿಡಿದು ಮಾಡುವ ಆತ್ಮಪರಿಶೀಲನೆ ಇದೆ. ಬೆಳಿಗ್ಗೆ ಎದ್ದ ಕೂಡಲೇ ‘ಇವತ್ತು ಈ ಒಂದು ವಿಷಯದಲ್ಲಿ ಎಚ್ಚರ’ ಅಂತ ನೆನಪು ಮಾಡಿಕೊಳ್ಳುವುದು. ಮಧ್ಯಾಹ್ನ ಊಟದ ನಂತರ ಒಮ್ಮೆ, ರಾತ್ರಿ ಊಟದ ನಂತರ ಒಮ್ಮೆ ಹಿಂತಿರುಗಿ ನೋಡಿ ಬಿದ್ದಷ್ಟು ಸಲ ಚುಕ್ಕಿ ಇಡುವುದು. ಇವತ್ತನ್ನು ನಿನ್ನೆಯ ಜೊತೆ, ಈ ವಾರವನ್ನು ಹೋದ ವಾರದ ಜೊತೆ ಹೋಲಿಸುವುದು. ಬಿದ್ದ ಆ ಕ್ಷಣದಲ್ಲೇ ಎದೆಯ ಮೇಲೆ ಕೈ ಇಟ್ಟು ದುಃಖಪಡಬೇಕು ಅಂತಲೂ ಹೇಳುತ್ತಾರೆ. ಹತ್ತು ಜನರ ಮಧ್ಯೆ ಇದ್ದರೂ ಯಾರಿಗೂ ಗೊತ್ತಾಗದ ಹಾಗೆ ಅದನ್ನು ಮಾಡಬಹುದು ಅಂತ ಅವರೇ ಬರೆದಿದ್ದಾರೆ. ಬಸ್ಸಿನಲ್ಲಿ, ಆಫೀಸಿನಲ್ಲಿ ಬದುಕುವ ನಮಗೆ ಅದು ಅನುಕೂಲವೇ.

ನಿಮಗೆ ಹೊಂದುವ ಹಾಗೆ ಇದನ್ನು ಇನ್ನೂ ಚಿಕ್ಕದು ಮಾಡೋಣ. ‘ಕೋಪ’ ಅಂತ ಇಡೀ ಬೆಟ್ಟವನ್ನು ಎತ್ತಿಕೊಳ್ಳಬೇಡಿ. ಲೆಕ್ಕಕ್ಕೆ ಕೂರುವ ಆ ಒಂದು ಗಂಟೆ, ಅಷ್ಟೇ. ಟ್ರಾಫಿಕ್‌ನಲ್ಲಿ ಯಾರನ್ನೋ ಬೈದಿರಿ, ಆಫೀಸಿನಲ್ಲಿ ಸಿಡುಕಿದಿರಿ, ಅದಕ್ಕೆಲ್ಲ ಆಮೇಲೆ ಬರೋಣ. ಒಂದು ಪುಟ್ಟ ಡೈರಿ ಸಾಕು. ಅಕೌಂಟ್ಸ್ ಕೆಲಸದವರಿಗೆ ಈ ವಿಧಾನ ಇಷ್ಟ ಆಗುತ್ತದೆ. ನನ್ನ ಭಯವೂ ಅದೇ. ಚುಕ್ಕಿ ಎಣಿಸುವುದೇ ಭಕ್ತಿ ಆಗಿಬಿಡಬಾರದು. ಎಲ್ಲದರಲ್ಲೂ ಪಾಪ ಕಂಡು ಮನಸ್ಸು ಕೊರೆಯುವ ಸ್ವಭಾವದವರಿಗಂತೂ ಈ ಎಣಿಕೆ ಬೇಡವೇ ಬೇಡ. ಇಗ್ನೇಷಿಯಸರೇ 1522ರ ಹೊತ್ತಿಗೆ ಮನ್ರೇಸಾ ಎಂಬ ಊರಿನಲ್ಲಿದ್ದಾಗ ಅಂಥ ಕೊರೆತದಿಂದ ಭಯಂಕರ ಕಷ್ಟಪಟ್ಟಿದ್ದರು.

ಬೀಳದೇ ಇರುವುದನ್ನು ಎಣಿಸಿದರೆ ಮಾತ್ರ ಸಾಲದು. ಮತ್ತಾಯನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಯೇಸು ಒಂದು ಮನೆಯ ಕಥೆ ಹೇಳುತ್ತಾರೆ. ದೆವ್ವ ಬಿಟ್ಟುಹೋದ ಮನೆ ಗುಡಿಸಿ ಒಪ್ಪಮಾಡಿ ಖಾಲಿ ಇತ್ತು. ಖಾಲಿ ಇದ್ದದ್ದರಿಂದಲೇ ಅದು ಇನ್ನೂ ಏಳು ದೆವ್ವಗಳನ್ನು ಕರೆದುಕೊಂಡು ವಾಪಸ್ ಬಂತು. ಕೋಪ ಬಿಟ್ಟ ಜಾಗದಲ್ಲಿ ಏನಾದರೂ ಬಂದು ಕೂರಬೇಕು. ಆ ಗುಣದ ಹೆಸರು ಸೌಮ್ಯತೆ. ಬಾಯಿಮುಚ್ಚಿಕೊಂಡು ಎಲ್ಲ ಸಹಿಸುವುದು ಸೌಮ್ಯತೆ ಅಂತ ತಿಳಿಯಬೇಡಿ. ಮೊಬೈಲ್ ಕಿತ್ತಿಡಬೇಕಾದಾಗ ಕಿತ್ತಿಡುವುದು, ಆದರೆ ದನಿ ಏರಿಸದೆ ಕಿತ್ತಿಡುವುದು, ಅದೂ ಸೌಮ್ಯತೆಯೇ. ಸದ್ಗುಣ ಎಂದರೆ ಒಳ್ಳೆಯದನ್ನು ಮಾಡುವ ಗಟ್ಟಿಯಾದ ರೂಢಿ. ರೂಢಿ ಬರುವುದು ಮಾಡಿ ಮಾಡಿ.

ಮಾಡಬೇಕಾದ್ದು ಏನು? ಮನೆಗೆ ಬಂದ ಕೂಡಲೇ ಪುಸ್ತಕ ತೆರೆಸಬೇಡಿ. ಸಿಲ್ಕ್ ಬೋರ್ಡ್ ಸಿಗ್ನಲ್ ದಾಟಿ ಹಸಿದುಕೊಂಡು ಬಂದವನು ಸಂತನಾದರೂ ಭಿನ್ನರಾಶಿ ಹೇಳಿಕೊಡಲಾರ. ಸ್ನಾನ ಮಾಡಿ, ಏನಾದರೂ ತಿನ್ನಿ. ಮೈಗೆ ಇಷ್ಟು ಬೆಲೆ ಕೊಡುವುದು ಆಧ್ಯಾತ್ಮಿಕ ಅಲ್ಲ ಅಂತ ಅನ್ನಿಸಿದರೆ ಕೇಳಿ: ಮನಸ್ಸಿನ ದುಃಖಕ್ಕೆ ಮದ್ದು ಹೇಳುವಾಗ ಅಕ್ವಿನಾಸ್ ಕಣ್ಣೀರು, ಗೆಳೆಯರು, ಸತ್ಯದ ಚಿಂತನೆ ಎಲ್ಲ ಹೇಳಿ ನಿದ್ದೆ ಮತ್ತು ಸ್ನಾನವನ್ನೂ ಸೇರಿಸಿದ್ದಾರೆ. ಕೂರುವ ಮೊದಲು ಮಗನ ತಲೆ ಸವರಿ. ಹೇಳಿಕೊಡುವಾಗ ದನಿ ಏರುತ್ತಿದೆ ಅನ್ನಿಸಿದರೆ ಬೇಕಂತಲೇ ಇನ್ನೂ ತಗ್ಗಿಸಿ ಮಾತಾಡಿ. ಅವನು ಸರಿಮಾಡಿದ ಒಂದು ಹೆಜ್ಜೆಯನ್ನಾದರೂ ಬಾಯಿಬಿಟ್ಟು ಹೇಳಿ. ಡೈರಿಯಲ್ಲಿ ಇದಕ್ಕೂ ಒಂದು ಗುರುತು ಇರಲಿ.

ಇನ್ನೊಂದು ಮಾತು, ನಿಮಗೆ ಹಿಡಿಸದೇ ಇರಬಹುದು. ಕೆಲವು ತಿಂಗಳು ಲೆಕ್ಕ ಹೇಳಿಕೊಡುವ ಕೆಲಸವನ್ನೇ ಬೇರೆಯವರಿಗೆ ಬಿಡಿ. ಹೆಂಡತಿ ಹೇಳಿಕೊಡಬಹುದು, ಪಕ್ಕದ ಮನೆಯ ಕಾಲೇಜು ಹುಡುಗಿಯ ಹತ್ತಿರ ಟ್ಯೂಷನ್ ಆಗಬಹುದು. ಪಾಪಕ್ಕೆ ಎಳೆಯುವ ಸಂದರ್ಭದಿಂದ ದೂರ ಇರುತ್ತೇನೆ ಅಂತ ನಾವು ಪಶ್ಚಾತ್ತಾಪದಲ್ಲಿ ಮಾತು ಕೊಡುತ್ತೇವಲ್ಲ, ನಿಮ್ಮ ಮಟ್ಟಿಗೆ ಆ ಸಂದರ್ಭ ಏಳನೇ ಕ್ಲಾಸಿನ ಗಣಿತ. ಇದು ಸೋಲಲ್ಲ, ವಿವೇಕ. ನಾಲ್ಕು ಮುಖ್ಯ ಸದ್ಗುಣಗಳಲ್ಲಿ ವಿವೇಕವನ್ನು ಮೊದಲು ಹೇಳುವುದಕ್ಕೆ ಕಾರಣ ಇದೆ. ಅದು ಬಾಕಿ ಮೂರಕ್ಕೆ, ಅಂದರೆ ನ್ಯಾಯ, ಸ್ಥೈರ್ಯ, ಸಂಯಮಕ್ಕೆ, ದಾರಿ ತೋರಿಸುತ್ತದೆ. ಅವನ ಜೊತೆ ಕ್ರಿಕೆಟ್ ನೋಡಿ, ಸಾಮಾನು ತರಲು ಕರೆದುಕೊಂಡು ಹೋಗಿ. ಅಪ್ಪ ಅಂದರೆ ಲೆಕ್ಕದ ಪುಸ್ತಕ ಮಾತ್ರ ಆಗಿದ್ದ ಹುಡುಗನಿಗೆ ಅಪ್ಪ ಮತ್ತೆ ಸಿಗಲಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ಸಿಡಿಯುತ್ತೀರಿ. ಆಗ ಅದೇ ರಾತ್ರಿ, ಮಲಗುವ ಮೊದಲು, ಮಗನ ಹತ್ತಿರ ಹೋಗಿ ‘ತಪ್ಪಾಯಿತು ಕಂದ, ನಾನು ಹಾಗೆ ಕಿರುಚಬಾರದಿತ್ತು’ ಅನ್ನಿ. ಸೂರ್ಯ ಮುಳುಗುವ ಮುಂಚೆ ಕೋಪ ಬಿಡಿ ಅಂತ ಪೌಲರು ಎಫೆಸದವರಿಗೆ ಬರೆದದ್ದು ನಿಮ್ಮ ಎರಡು ದಿನದ ಮೌನಕ್ಕೆ ನೇರ ಔಷಧಿ. ‘ಅಪ್ಪ ಮಗನ ಹತ್ತಿರ ಸಾರಿ ಕೇಳುವುದಾ?’ ಅಂತ ಮನೆಯ ಹಿರಿಯರು ಅನ್ನಬಹುದು. ಅನ್ನಲಿ. ಮರ್ಯಾದೆ ಹೋಗುತ್ತದೆ ಅಂತ ನಾನಂತೂ ನಂಬುವುದಿಲ್ಲ. ಒಂದು ಎಚ್ಚರ: ಕ್ಷಮೆ ಕೇಳಿದ ವಾಕ್ಯಕ್ಕೆ ‘ಆದರೆ ನೀನೂ…’ ಅಂತ ಬಾಲ ಸೇರಿಸಬೇಡಿ. ಸೇರಿಸಿದರೆ ಅದು ಎರಡನೇ ಬೈಗುಳ. ನೀವು ಮಾಡಿದ ಗಾಯವನ್ನು ಕೈಲಾದಷ್ಟು ಸರಿಪಡಿಸುವುದು ನ್ಯಾಯದ ಕೆಲಸ, ಧರ್ಮಸಭೆ ಇದನ್ನು ಪಾಪನಿವೇದನೆಯ ಜೊತೆಗೇ ಕೇಳುತ್ತದೆ. ಸ್ಕೇಲಿನ ಏಟಿಗೆ ನೀವು ಇನ್ನೂ ಕ್ಷಮೆ ಕೇಳಿಲ್ಲ ಅಂತ ನನ್ನ ಊಹೆ. ಅಲ್ಲಿಂದ ಶುರು ಮಾಡಿ.

ಬಿದ್ದ ಮೇಲೆ ನಿಮ್ಮ ಮೇಲೆಯೇ ಸಿಟ್ಟು ಮಾಡಿಕೊಳ್ಳುವುದನ್ನೂ ಬಿಡಬೇಕು. ಜಿನೀವಾದ ಬಿಷಪ್ ಆಗಿದ್ದ ಸಂತ ಫ್ರಾನ್ಸಿಸ್ ಡಿ ಸೇಲ್ಸ್ (1567–1622) ಈ ವಿಷಯದಲ್ಲಿ ನನಗೆ ತುಂಬಾ ಇಷ್ಟ. ಸಿಟ್ಟು ಮಾಡಿಕೊಂಡೆನಲ್ಲ ಅಂತ ಸಿಟ್ಟು ಮಾಡಿಕೊಳ್ಳುವವರು ಇದ್ದಾರೆ, ಇದರಿಂದ ಮನಸ್ಸು ಕೋಪದಲ್ಲೇ ನೆನೆದುಹೋಗುತ್ತದೆ ಅಂತ ಅವರು ಎಚ್ಚರಿಸುತ್ತಾರೆ. ಬಿದ್ದ ಹೃದಯವನ್ನು ಮೆಲ್ಲಗೆ, ಕರುಣೆಯಿಂದ ಎತ್ತಿ ನಿಲ್ಲಿಸಬೇಕು ಅನ್ನುತ್ತಾರೆ. ಕೋಪ ಏರುವಾಗ, ಬಿರುಗಾಳಿಗೆ ಸಿಕ್ಕಿದ ಶಿಷ್ಯರು ಕೂಗಿಕೊಂಡ ಹಾಗೆ ದೇವರನ್ನು ಕರೆಯಿರಿ ಅಂತಲೂ ಅವರ ಸಲಹೆ. ‘ಸ್ವಾಮಿ, ಕಾಪಾಡು’, ಇಷ್ಟು ಸಾಕು. ಉದ್ದ ಪ್ರಾರ್ಥನೆಗೆ ಆಗ ಪುರುಸೊತ್ತು ಇರುವುದಿಲ್ಲ.

ಇದೆಲ್ಲ ನಮ್ಮ ಪ್ರಯತ್ನದಿಂದಲೇ ಆಗುವುದಾದರೆ ದೇವರು ಯಾಕೆ ಅಂತ ನೀವು ಕೇಳಬಹುದು. ಪ್ರಯತ್ನದಿಂದಲೇ ಆಗುತ್ತದೆ ಅಂತ ವಾದಿಸಿದ ಪೆಲಾಗಿಯಸನ ಬೋಧನೆಯನ್ನು ಧರ್ಮಸಭೆ ಒಪ್ಪಲಿಲ್ಲ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಸಭೆ, ಕೃಪೆ ಬೇಕಿರುವುದು ಹಳೆಯ ಪಾಪದ ಕ್ಷಮೆಗೆ ಮಾತ್ರವಲ್ಲ, ಮುಂದೆ ಪಾಪ ಮಾಡದಿರಲೂ ಬೇಕು ಅಂತ ಸ್ಪಷ್ಟವಾಗಿ ಹೇಳಿತು. ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದ ನಮ್ಮಲ್ಲಿ ಬತ್ತುತ್ತಿರುವ ಪ್ರೀತಿಗೆ ಬಲ ಕೊಡುತ್ತದೆ ಎಂಬುದು ನಮ್ಮ ವಿಶ್ವಾಸ. ಹಾಗಾಗಿ ಭಾನುವಾರ ಪರಮಪ್ರಸಾದ ತೆಗೆದುಕೊಂಡು ಬಂದು ಕೂತಾಗ ಮಗನ ಹೆಸರು ಹೇಳಿ ಸೌಮ್ಯತೆ ಕೇಳಿ. ‘ಒಳ್ಳೆಯವನನ್ನಾಗಿ ಮಾಡು’ ಅಂತ ಸಾರಾಸಗಟಾಗಿ ಕೇಳುವುದಕ್ಕಿಂತ ಸೋಮವಾರ ಸಂಜೆಗೆ ಏನು ಬೇಕೋ ಅದನ್ನು ಕೇಳಿ.

ಮನೆಯೊಳಗಿನ ಕಿರಿಕಿರಿಯೇ ಪವಿತ್ರತೆಯ ಜಾಗ ಅಂತ ತೋರಿಸಿಕೊಟ್ಟವರು ಫ್ರಾನ್ಸಿನ ಲಿಸ್ಯೂ ಮಠದ ಸಂತ ತೆರೇಸಾ. 1897ರಲ್ಲಿ, 24ನೇ ವಯಸ್ಸಿಗೇ ತೀರಿಕೊಂಡರು. ಸಂಜೆ ಧ್ಯಾನಕ್ಕೆ ಕೂತಾಗ ಅವರ ಹತ್ತಿರದಲ್ಲೇ ಇದ್ದ ಒಬ್ಬ ಸಿಸ್ಟರ್ ಏನೋ ಒಂದು ಸಣ್ಣ ಸದ್ದು ಮಾಡುತ್ತಿದ್ದರಂತೆ. ತಿರುಗಿ ಒಮ್ಮೆ ದುರುಗುಟ್ಟಿ ನೋಡಬೇಕು ಅಂತ ತೆರೇಸಾಗೆ ಅನ್ನಿಸುತ್ತಿತ್ತು. ತಡೆದುಕೊಂಡು ಕೂತರೆ ಮೈಯೆಲ್ಲ ಬೆವರು. ಕೊನೆಗೆ ಆ ಸದ್ದನ್ನು ಕೇಳಿಸಿಕೊಳ್ಳದೆ ಇರುವ ಪ್ರಯತ್ನ ಬಿಟ್ಟು, ಅದನ್ನು ಸಂಗೀತ ಕಚೇರಿ ಅಂದುಕೊಂಡು ಗಮನವಿಟ್ಟು ಕೇಳಿ ಯೇಸುವಿಗೆ ಒಪ್ಪಿಸಿದರು. ಸಂತರಿಗೂ ಬೆವರು ಬರುತ್ತಿತ್ತು ಅನ್ನುವುದು ನನಗೆ ಸಮಾಧಾನ ಕೊಡುತ್ತದೆ.

ಪಾಪನಿವೇದನೆ ಮಾಡುವ ರೀತಿಯಲ್ಲೂ ಸ್ವಲ್ಪ ಬದಲಾವಣೆ ಇರಲಿ. ವರ್ಷಕ್ಕೆ ಒಮ್ಮೆ ಎಂಬುದು 1215ರ ನಾಲ್ಕನೇ ಲ್ಯಾಟೆರನ್ ಮಹಾಸಭೆ ಇಟ್ಟ ಕನಿಷ್ಠ ನಿಯಮ. ತಪಸ್ಸು ಕಾಲಕ್ಕೆ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆ), ಕ್ರಿಸ್ಮಸ್‌ಗೆ ಅಂತ ಕಾಯಬೇಡಿ, ತಿಂಗಳಿಗೊಮ್ಮೆ ಹೋಗಿ. ಅಲ್ಪಪಾಪಗಳನ್ನು ನಿವೇದಿಸುವುದು ಕಡ್ಡಾಯ ಅಲ್ಲದಿದ್ದರೂ ಕೆಟ್ಟ ಒಲವುಗಳ ವಿರುದ್ಧ ಹೋರಾಡಲು ಅದು ನೆರವಾಗುತ್ತದೆ ಅಂತ ಧರ್ಮಸಭೆ ಅದನ್ನು ಒತ್ತಿ ಹೇಳುತ್ತದೆ. ಆದಷ್ಟು ಒಬ್ಬರೇ ಗುರುಗಳ ಬಳಿ ಹೋಗಿ. ‘ಕೋಪ ಮಾಡಿಕೊಂಡೆ’ ಅನ್ನುವ ಬದಲು ‘ಮಗನಿಗೆ ಕೀಳಾಗಿ ಮಾತಾಡಿದೆ, ಬೇಕಂತಲೇ ಮಾತು ಬಿಟ್ಟೆ, ಅಣ್ಣನ ಮೇಲಿನ ಹೊಟ್ಟೆಕಿಚ್ಚನ್ನು ಅವನ ಮೇಲೆ ತೀರಿಸಿದೆ’ ಅನ್ನಿ. ಹೀಗೆ ಹೇಳಲು ನಾಚಿಕೆ ಆಗುತ್ತದೆ. ಕೇಳಿದ ಗುರುಗಳಿಗೆ ಮಾತ್ರ ಆಗ ಏನಾದರೂ ಉಪಯೋಗದ ಮಾತು ಹೇಳಲು ಆಗುತ್ತದೆ. ಪ್ರಾಯಶ್ಚಿತ್ತಕ್ಕೆ ಮೂರು ‘ನಮೋ ಮರಿಯಾ’ ಬದಲು ಮಗನಿಗೆ ಸಂಬಂಧಪಟ್ಟ ಏನಾದರೂ ಕೊಡಿ ಅಂತ ನೀವೇ ಕೇಳಬಹುದು, ತಪ್ಪೇನಿಲ್ಲ. ನಾವು ಅಲ್ಲಿ ಕೇಳಿದ್ದನ್ನು ಎಲ್ಲೂ ಬಾಯಿಬಿಡುವ ಹಾಗಿಲ್ಲ, ನಿಮಗೆ ಗೊತ್ತೇ ಇದೆ.

ಎಷ್ಟು ಕಾಲ ಹಿಡಿಯುತ್ತದೆ ಅಂತ ಹೇಳಲಾರೆ. ಮೊದಲು ಕಾಣುವ ಬದಲಾವಣೆ ಬಹುಶಃ ಸಿಟ್ಟು ಬರದೇ ಇರುವುದಲ್ಲ. ಸಿಡಿದ ಮೇಲೆ ಕ್ಷಮೆ ಕೇಳುವವರೆಗಿನ ಸಮಯ ಕಡಿಮೆ ಆಗುತ್ತಾ ಬರುತ್ತದೆ. ಎರಡು ದಿನ ಇದ್ದದ್ದು ಒಂದು ರಾತ್ರಿ, ಆಮೇಲೆ ಒಂದು ಗಂಟೆ. ಅದಾದ ಮೇಲೆ ಬಾಯಿಗೆ ಬಂದ ಮಾತನ್ನು ಅರ್ಧದಲ್ಲಿ ನುಂಗಿಕೊಳ್ಳಲು ಬರುತ್ತದೆ. ಡೈರಿಯಲ್ಲಿ ನೋಡಬೇಕಾದದ್ದು ಇದನ್ನು.

ಕೌನ್ಸೆಲಿಂಗ್ ಬಗ್ಗೆ ಕೇಳಿದ್ದೀರಿ. ಹೋಗಿ. ಅಭ್ಯಾಸ, ಮನಸ್ಸಿನ ಸ್ಥಿತಿ ಇವೆಲ್ಲ ಒಬ್ಬನ ಹೊಣೆಯನ್ನು ಕಡಿಮೆ ಮಾಡಬಹುದು ಅಂತ ಧರ್ಮಸಭೆಯೇ ಒಪ್ಪುತ್ತದೆ. ಹಾಗಿರುವಾಗ ಮನಸ್ಸಿನ ಡಾಕ್ಟರ ಹತ್ತಿರ ಹೋಗುವುದು ವಿಶ್ವಾಸ ಕಡಿಮೆ ಅಂತ ಹೇಗಾಗುತ್ತದೆ? ನಿದ್ದೆ ಸರಿಯಾಗಿ ಬರುತ್ತಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಸಿಟ್ಟು ಬಂದಾಗ ಸಾಮಾನು ಒಡೆಯುತ್ತೀರಿ, ಕುಡಿತ ಸೇರಿಕೊಂಡಿದೆ, ಇವುಗಳಲ್ಲಿ ಒಂದಿದ್ದರೂ ತಡ ಮಾಡಬೇಡಿ. ಖಿನ್ನತೆ ಕೆಲವು ಗಂಡಸರಲ್ಲಿ ಅಳುವಾಗಿ ಬರದೆ ಸಿಡುಕಾಗಿಯೂ ಬರುತ್ತದೆ. ಸ್ಕೇಲಿನ ಘಟನೆ ಇನ್ನೊಮ್ಮೆ ನಡೆದರೆ ಇದ್ಯಾವುದನ್ನೂ ನೋಡದೆ ಹೋಗಿ. ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೋಗುವ ಮುಂಚೆ ಹೆಂಡತಿಗೂ ಹೇಳಿ ಹೋಗಿ.